ಕಡಲ ಗಾಳಿಯಲ್ಲಿ ಬಾಳಿಕೆ ಬರುವ ಕಾಂಕ್ರೀಟ್ ಡ್ರೈವ್‌ವೇ: ನೆಲ ಅಗೆಯುವುದರಿಂದ ಕ್ಯೂರಿಂಗ್‌ ಮುಗಿಯುವವರೆಗೆ

ಹಳೆಯ ಡ್ರೈವ್‌ವೇ ಒಂದನ್ನು ಒಡೆದು ತೆಗೆಯುವಾಗ ಅದರ ಅಡ್ಡಸೀಳನ್ನು ನೋಡುವ ಅವಕಾಶ ಸಿಕ್ಕರೆ ಬಿಡಬಾರದು. ಸಮುದ್ರದ ಮೊರೆತ ಕೇಳಿಸುವಷ್ಟು ಹತ್ತಿರದಲ್ಲಿದ್ದ ಅಂಥದೊಂದು ಹಾಸಿನ ತುಂಡನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅದರೊಳಗೆ ಹಾಕಿದ್ದ ಕಬ್ಬಿಣದ ಜಾಲರಿ ಒಂದು ಕಡೆ ಮಣ್ಣಿಗೆ ಅಂಟಿಕೊಂಡೇ ಮಲಗಿತ್ತು, ಎರಡಡಿ ಆಚೆ ಮೇಲ್ಮೈಗಿಂತ ಬೆರಳಗಲ ಕೆಳಗಷ್ಟೇ ಇತ್ತು. ಸರಳು ಇರಬೇಕಾದ ಜಾಗದಲ್ಲಿ ಪದರಪದರವಾಗಿ ಉಬ್ಬಿದ ಕೆಂಪು ತುಕ್ಕಿತ್ತು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಮೇಲಿನ ಬೆರಳಗಲದ ಕಾಂಕ್ರೀಟು ಚಕ್ಕೆಯೆದ್ದು ಹೋಗಿತ್ತು. ವಿಚಿತ್ರವೆಂದರೆ ಜಾಲರಿ ಹಾದುಹೋಗದ ಕಡೆ ಕಾಂಕ್ರೀಟು ಇನ್ನೂ ಕಲ್ಲಿನಂತೆ ಗಟ್ಟಿಯಾಗಿಯೇ ಇತ್ತು. ಆ ಹಾಸನ್ನು ಹಾಳುಮಾಡಿದ್ದು ಕಾರಿನ ಭಾರವಲ್ಲ, ಭಾರ ತಡೆಯಲಿ ಎಂದು ಹಾಕಿದ ಕಬ್ಬಿಣವೇ.

ಆದ್ದರಿಂದ ಈ ಮಾರ್ಗದರ್ಶಿಯ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರು, ಸಣ್ಣ ವ್ಯಾನು ಓಡಾಡುವ ಮಟ್ಟದ ಡ್ರೈವ್‌ವೇಗೆ ಕಡಲ ಹತ್ತಿರದಲ್ಲಿ ಸಾಧಾರಣ ಕಬ್ಬಿಣ ಬೇಡ. ಅದಕ್ಕೆ ಖರ್ಚಾಗುವ ಹಣವನ್ನು ತಳಹಾಸಿಗೆ, ದಪ್ಪಕ್ಕೆ, ಸಂದುಗಳಿಗೆ ಮತ್ತು ಹೊಸ ಹಾಸನ್ನು ಒಣಗದಂತೆ ತೇವವಾಗಿಡುವ ಕ್ಯೂರಿಂಗ್‌ಗೆ ತಿರುಗಿಸಿದರೆ ಹಾಸು ಹೆಚ್ಚು ಕಾಲ ಬಾಳುತ್ತದೆ. ಲೆಕ್ಕಗಳು ಹಿಡಿತಕ್ಕೆ ಸಿಗಲೆಂದು 3 ಮೀಟರ್ ಅಗಲ, 9 ಮೀಟರ್ ಉದ್ದ, 125 ಮಿಲಿಮೀಟರ್ ದಪ್ಪದ ಒಂದು ಹಾಸನ್ನು ಕೊನೆಯವರೆಗೂ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಉಪ್ಪು ಮಾಡುವ ಕೆಲಸ

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಸುಮಾರು 19 ಗ್ರಾಂ, ಕ್ಲೋರೈಡ್. ಅಲೆ ಒಡೆದಾಗ ಏಳುವ ತುಂತುರನ್ನು ಗಾಳಿ ಒಳನಾಡಿಗೆ ಹೊತ್ತು ತರುತ್ತದೆ. ದಡದಿಂದ ಮೊದಲ ಕೆಲವು ನೂರು ಮೀಟರುಗಳಲ್ಲಿ ಅದರ ಪ್ರಮಾಣ ತೀರಾ ಹೆಚ್ಚು, ಆಮೇಲೆ ಬೇಗ ಇಳಿಯುತ್ತದೆ. ಮನೆಯ ಕಿಟಕಿಯ ಸರಳುಗಳು, ಗೇಟಿನ ಚಿಲಕ ಎಷ್ಟು ಬೇಗ ತುಕ್ಕು ಹಿಡಿಯುತ್ತವೆ ಎಂಬುದನ್ನು ಗಮನಿಸಿದರೆ ನಿಮ್ಮ ಅಂಗಳಕ್ಕೆ ಎಷ್ಟು ಉಪ್ಪು ಬೀಳುತ್ತಿದೆ ಎಂಬ ಅಂದಾಜು ಸಿಗುತ್ತದೆ.

ಹೊಸ ಕಾಂಕ್ರೀಟು ಬಲವಾದ ಕ್ಷಾರ. ಅದರ ಪಿಎಚ್ ಮೌಲ್ಯ 12.5ಕ್ಕಿಂತ ಮೇಲಿರುತ್ತದೆ. ಆ ಕ್ಷಾರದಲ್ಲಿ ಕಬ್ಬಿಣದ ಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಕ್ಲೋರೈಡ್ ರಂಧ್ರಗಳ ಮೂಲಕ ಇಳಿದು ಸರಳನ್ನು ಮುಟ್ಟಿದ ದಿನ ಆ ಪೊರೆ ಅಲ್ಲಲ್ಲಿ ಹರಿಯುತ್ತದೆ, ತುಕ್ಕು ಶುರುವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ.

ಕಬ್ಬಿಣವಿಲ್ಲದ ಹಾಸಿಗೂ ಉಪ್ಪಿನ ಕಾಟ ತಪ್ಪಿದ್ದಲ್ಲ, ಆದರೆ ಅದು ಬಹಳ ನಿಧಾನ. ಉಪ್ಪುನೀರು ರಂಧ್ರಗಳಲ್ಲಿ ಹೀರಿಕೊಂಡು ಬಿಸಿಲಿಗೆ ಆರಿದಾಗ ಹರಳುಗಳು ಉಳಿಯುತ್ತವೆ. ಮತ್ತೆ ನೆನೆದು ಮತ್ತೆ ಆರುವಾಗ ಅವು ಬೆಳೆದು ಮೇಲ್ಪದರವನ್ನು ಪುಡಿಪುಡಿಯಾಗಿ ಎಬ್ಬಿಸುತ್ತವೆ. ಸಲ್ಫೇಟುಗಳು ಸಿಮೆಂಟಿನ ಅಲ್ಯೂಮಿನೇಟಿನೊಂದಿಗೆ ಸೇರಿ ಹಿಗ್ಗುವ ಹರಳುಗಳನ್ನು ಕಟ್ಟುತ್ತವೆ. ಇವೆರಡಕ್ಕೂ ಮದ್ದು ಒಂದೇ: ರಂಧ್ರಗಳು ಕಡಿಮೆಯಿರುವ, ದಟ್ಟವಾದ ಕಾಂಕ್ರೀಟು. ಉಪ್ಪಿಗೆ ಸಂಬಂಧವೇ ಇಲ್ಲದ ಮತ್ತೊಂದು ಶತ್ರು ಇದೆ, ಅದನ್ನು ಹೆಚ್ಚಿನವರು ಮರೆಯುತ್ತಾರೆ: ಹಾಸಿನ ಅಂಚಿನ ಕೆಳಗಿನಿಂದ ಮರಳು ಕೊಚ್ಚಿಹೋಗುವುದು. ಕಾಂಕ್ರೀಟು ಎಷ್ಟೇ ಒಳ್ಳೆಯದಿರಲಿ, ಕೆಳಗೆ ಪೊಳ್ಳಾದ ಅಂಚಿನ ಮೇಲೆ ಚಕ್ರ ಹತ್ತಿದರೆ ಅದು ಮುರಿಯಲೇಬೇಕು.

ನೆಲ ಮತ್ತು ತಳಹಾಸು

ಬಾಳಿಕೆಯ ಅರ್ಧ ಕೆಲಸ ಕಾಂಕ್ರೀಟ್ ಬರುವ ಮೊದಲೇ ಮುಗಿದಿರುತ್ತದೆ, ಹಾಗಾಗಿ ಇಲ್ಲಿ ಆತುರ ಸಲ್ಲದು. ಹಾಸಿಗೆ 125 ಮಿಲಿಮೀಟರ್, ತಳಹಾಸಿಗೆ 150 ಮಿಲಿಮೀಟರ್, ಒಟ್ಟು ಸಿದ್ಧ ಮಟ್ಟದಿಂದ 275 ಮಿಲಿಮೀಟರ್ ಆಳಕ್ಕೆ ಅಗೆಯಿರಿ. ಎರಡೂ ಬದಿಗೆ 200 ಮಿಲಿಮೀಟರಿನಷ್ಟು ಹೆಚ್ಚು ಅಗಲ ಇರಲಿ. ಹುಲ್ಲು, ಬೇರು, ಕಪ್ಪು ಮೇಲ್ಮಣ್ಣು ಪೂರ್ತಿ ಹೊರಹೋಗಬೇಕು. ಜೇಡಿಯ ತೇಪೆಗಳು ಕಂಡರೆ ಅವನ್ನೂ ತೋಡಿ ತೆಗೆದು ಜಲ್ಲಿ ತುಂಬಿ, ಏಕೆಂದರೆ ಅರ್ಧ ಮರಳು ಅರ್ಧ ಜೇಡಿ ಇರುವ ನೆಲ ಒಂದೇ ಸಮನಾಗಿ ಕೂರುವುದಿಲ್ಲ. ಹಾಸನ್ನು ಮುರಿಯುವುದು ನೆಲ ಮೆತ್ತಗಿರುವುದಕ್ಕಿಂತ ಹೆಚ್ಚಾಗಿ ನೆಲ ಒಂದೊಂದು ಕಡೆ ಒಂದೊಂದು ತರ ಇರುವುದು.

ಕಡಲ ತಡಿಯ ಮರಳನ್ನು ದಿಮ್ಮಿಯಿಂದ ಬಡಿದರೆ ಪ್ರಯೋಜನವಿಲ್ಲ. ಬಡಿದ ಜಾಗದಿಂದ ಪಕ್ಕಕ್ಕೆ ಜಾರುತ್ತದೆ. ಅದಕ್ಕೆ ಬೇಕಿರುವುದು ನೀರು ಮತ್ತು ಕಂಪನ. ಸಿಹಿನೀರಿನಿಂದ ಚೆನ್ನಾಗಿ ತೋಯಿಸಿ, ಪ್ಲೇಟ್ ಕಂಪ್ಯಾಕ್ಟರನ್ನು ಉದ್ದಕ್ಕೂ ಅಡ್ಡಕ್ಕೂ ಕನಿಷ್ಠ ನಾಲ್ಕು ಸಲ ಓಡಿಸಿ. ಮುಗಿದ ಮೇಲೆ 12 ಮಿಲಿಮೀಟರಿನ ಸರಳೊಂದನ್ನು ಕೈಯಿಂದ ಹಲವು ಕಡೆ ಚುಚ್ಚಿ ನೋಡಿ. ಒಂದು ಕಡೆ ಬೆರಳುದ್ದ, ಇನ್ನೊಂದು ಕಡೆ ಮೊಳದುದ್ದ ಇಳಿದರೆ ಮತ್ತೆ ಕಂಪ್ಯಾಕ್ಟರ್ ಓಡಿಸಬೇಕು ಎಂದೇ ಅರ್ಥ.

ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಜೋಡಣೆಯಲ್ಲಿ 300 ಮಿಲಿಮೀಟರ್ ಒಂದರ ಮೇಲೊಂದು ಬರುವಂತೆ ನೋಡಿಕೊಳ್ಳಿ. ಈ ಬಟ್ಟೆ ಇಲ್ಲದಿದ್ದರೆ ಜಲ್ಲಿ ನಿಧಾನವಾಗಿ ಮರಳಿನೊಳಕ್ಕೆ ಇಳಿಯುತ್ತದೆ, ಮರಳು ಮೇಲಕ್ಕೆ ಏರುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ತಳಹಾಸು ಎಂಬುದೇ ಉಳಿದಿರುವುದಿಲ್ಲ. ಬಟ್ಟೆಯ ಮೇಲೆ ದಪ್ಪ ಜಲ್ಲಿಯಿಂದ ಕಲ್ಲುಪುಡಿಯವರೆಗೆ ಎಲ್ಲ ಗಾತ್ರವೂ ಬೆರೆತ ಒಡೆದ ಕಲ್ಲನ್ನು 75 ಮಿಲಿಮೀಟರಿನ ಎರಡು ಪದರವಾಗಿ ಹರಡಿ, ಪ್ರತಿ ಪದರವನ್ನೂ ಬೇರೆಬೇರೆಯಾಗಿ ಗಟ್ಟಿಮಾಡಿ. ಕಪ್ಪೆಚಿಪ್ಪು ಬೆರೆತ ತೀರದ ಮರಳನ್ನು ತುಂಬಲು ಯಾರಾದರೂ ತಂದರೆ ಒಪ್ಪಬೇಡಿ. ಕೆಳಗಿನಿಂದ ಉಪ್ಪು ಉಣಿಸಿದ ಹಾಗಾಗುತ್ತದೆ.

ಅಗೆಯುವಾಗಲೇ ಗುಂಡಿಯಲ್ಲಿ ನೀರು ಒಸರಿದರೆ ವಿಷಯ ಬೇರೆ. ಆಗ ಇಡೀ ಡ್ರೈವ್‌ವೇಯ ಮಟ್ಟವನ್ನು ಎತ್ತರಿಸುವುದು ಮೊದಲ ಆಯ್ಕೆ. ಅದರ ಜೊತೆಗೆ ತಳಹಾಸಿನ ಕೆಳಗೆ ಪುಡಿಯಿಲ್ಲದ, ತೊಳೆದ 20 ಮಿಲಿಮೀಟರ್ ಜಲ್ಲಿಯ ಪದರವೊಂದನ್ನು ಕೊಡಿ, ಅದರ ಮೇಲೂ ಜಿಯೋಟೆಕ್ಸ್‌ಟೈಲ್ ಇರಲಿ. ಬತ್ತಿ ಎಣ್ಣೆ ಹೀರುವಂತೆ ಸಣ್ಣ ರಂಧ್ರಗಳು ನೀರನ್ನು ಮೇಲಕ್ಕೆ ಎಳೆಯುತ್ತವೆ. ದೊಡ್ಡ ಖಾಲಿಜಾಗಗಳಿರುವ ಜಲ್ಲಿಯಲ್ಲಿ ಆ ಎಳೆತ ಕಡಿದುಹೋಗುತ್ತದೆ. ಅಂತರ್ಜಲ ಉಪ್ಪಾಗಿದ್ದು ಹತ್ತಿರದಲ್ಲೇ ಇದ್ದರೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆಯನ್ನೂ ಹಾಸಬಹುದು. ಉಳಿದ ಕಡೆ ಹಾಳೆ ಬೇಡವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹಾಳೆಯ ಮೇಲೆ ಸುರಿದ ಕಾಂಕ್ರೀಟಿನ ಮೇಲ್ಭಾಗ ಮಾತ್ರ ಒಣಗಿ, ಮೂಲೆಗಳು ಮೇಲಕ್ಕೆ ಮಡಚಿಕೊಳ್ಳುವ ಸಾಧ್ಯತೆ ಹೆಚ್ಚು. ಹಾಳೆ ಇಲ್ಲದಿದ್ದರೆ ಸುರಿಯುವ ಮೊದಲು ತಳಹಾಸನ್ನು ತೇವಗೊಳಿಸಿ, ನೀರು ನಿಲ್ಲಬಾರದು.

ವಾಟ, ಅಂಚು, ಶಟರಿಂಗ್

ನೀರು ಮನೆಯಿಂದ ಹೊರಕ್ಕೆ ಹರಿಯಬೇಕು, ಹಾಸಿನ ಮೇಲೆ ನಿಲ್ಲಬಾರದು. ಮೀಟರಿಗೆ 20 ಮಿಲಿಮೀಟರ್ ವಾಟ ಕೊಟ್ಟರೆ ಸಾಕು. ಒಂಬತ್ತು ಮೀಟರ್ ಉದ್ದಕ್ಕೆ ಅದು 180 ಮಿಲಿಮೀಟರ್ ಆಗುತ್ತದೆ. ಉಪ್ಪುನೀರು ನಿಂತು ಆರುವ ಒಂದು ತಗ್ಗು ಹಾಸಿನ ಉಳಿದೆಲ್ಲ ಭಾಗಕ್ಕಿಂತ ಮೊದಲು ಕೆಡುತ್ತದೆ. ದಾರ ಕಟ್ಟಿ, ರಸಮಟ್ಟವಿಟ್ಟು ಪ್ರತಿ ಗೂಟದ ಬಳಿಯೂ ಮಟ್ಟ ನೋಡಿ. ಕಾಂಕ್ರೀಟನ್ನು ಸುತ್ತಲೂ ಅಚ್ಚಿನಂತೆ ತಡೆದು ನಿಲ್ಲಿಸುವ ಶಟರಿಂಗ್ ಹಲಗೆ 40 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಹಸಿ ಕಾಂಕ್ರೀಟಿನ ಒತ್ತಡಕ್ಕೆ ಹೊಟ್ಟೆಬಿಡುತ್ತದೆ. ಗೂಟಗಳು 600 ಮಿಲಿಮೀಟರಿಗೊಂದರಂತೆ ಇರಲಿ.

ಅಂಚಿನ ವಿಷಯಕ್ಕೆ ಬರೋಣ. ಮರಳು ನೆಲದಲ್ಲಿ ಹಾಸಿನ ಎರಡೂ ಬದಿಯಲ್ಲಿ, ಅದರಲ್ಲೂ ರಸ್ತೆಯನ್ನು ಕೂಡುವ ತುದಿಯಲ್ಲಿ, ಹೊರಗಿನ 300 ಮಿಲಿಮೀಟರ್ ಅಗಲವನ್ನು 250 ಮಿಲಿಮೀಟರ್ ದಪ್ಪಕ್ಕೆ ಇಳಿಸಿ. ಒಳಬದಿಗೆ ಇದು ಥಟ್ಟನೆ ಮೆಟ್ಟಿಲಾಗದೆ ಓರೆಯಾಗಿ ಬಂದು ಸೇರಬೇಕು, ಇಲ್ಲದಿದ್ದರೆ ಆ ಮೆಟ್ಟಿಲ ಮೂಲೆಯಿಂದಲೇ ಬಿರುಕು ಹುಟ್ಟುತ್ತದೆ. ಈ ದಪ್ಪ ಅಂಚು ಎರಡು ಕೆಲಸ ಮಾಡುತ್ತದೆ: ಚಕ್ರ ಅಂಚಿನ ಮೇಲೆ ಬಂದಾಗ ಭಾರ ತಡೆಯುತ್ತದೆ, ಜೋರು ಮಳೆಯಲ್ಲಿ ಹಾಸಿನ ಪಕ್ಕದಲ್ಲಿ ಹರಿಯುವ ನೀರು ಕೆಳಗಿನ ಮರಳನ್ನು ಕೊರೆಯದಂತೆ ತಡೆಗೋಡೆಯಾಗುತ್ತದೆ. ಅಂಚಿನ ಹೊರಗೆ ಮುಷ್ಟಿಗಾತ್ರದ ಕಲ್ಲುಗಳನ್ನು ಒಂದಡಿ ಅಗಲಕ್ಕೆ ಹರಡಿದರೆ ಹರಿವಿನ ರಭಸವೂ ಮುರಿಯುತ್ತದೆ. ಗೇಟಿನ ಬಳಿ ಅಡ್ಡ ಚರಂಡಿ ಬೇಕಾದರೆ ಅದರ ಜಾಲರಿ ಮುಚ್ಚಳ ಫೈಬರ್‌ಗ್ಲಾಸಿನದೋ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೋ ಆಗಿರಲಿ.

ಸಂದುಗಳ ನಕ್ಷೆಯನ್ನು ಶಟರಿಂಗ್ ಹೊತ್ತಿಗೇ ಕಾಗದದ ಮೇಲೆ ಬರೆದುಕೊಳ್ಳಿ. ಒಣಗುವಾಗ ಕಾಂಕ್ರೀಟು ಕುಗ್ಗಿಯೇ ಕುಗ್ಗುತ್ತದೆ, ಬಿರುಕು ಬಿಟ್ಟೇ ಬಿಡುತ್ತದೆ. ನಮ್ಮ ಕೈಯಲ್ಲಿರುವುದು ಅದು ಎಲ್ಲಿ ಬಿಡಬೇಕು ಎಂದು ಹೇಳುವುದಷ್ಟೇ. ಸಂದುಗಳ ನಡುವಿನ ಅಂತರ ದಪ್ಪದ 24 ಪಟ್ಟು ಮೀರದಿರಲಿ. 125 ಮಿಲಿಮೀಟರಿಗೆ ಅದು ಸರಿಯಾಗಿ 3 ಮೀಟರ್, ಅಂದರೆ ನಮ್ಮ ಹಾಸು 3 ಮೀಟರ್ ಚದರದ ಮೂರು ಫಲಕಗಳಾಗಿ ಒಡೆಯುತ್ತದೆ. ಫಲಕಗಳು ಚೌಕವಾಗಿದ್ದಷ್ಟೂ ಒಳ್ಳೆಯದು. ಉದ್ದ ಅಗಲದ ಒಂದೂವರೆ ಪಟ್ಟಿಗಿಂತ ಹೆಚ್ಚಾದರೆ ನಡುವೆ ತನ್ನಿಷ್ಟದ ಬಿರುಕು ಬರುತ್ತದೆ. ಗೋಡೆ, ಕಂಬ, ಮ್ಯಾನ್‌ಹೋಲ್, ರಸ್ತೆಯ ಅಂಚುಗಲ್ಲು, ಇವುಗಳನ್ನು ಹಾಸು ಮುಟ್ಟುವಲ್ಲೆಲ್ಲ 12 ಮಿಲಿಮೀಟರ್ ದಪ್ಪದ ಮೆತ್ತನೆಯ ಫೋಮ್ ಪಟ್ಟಿಯನ್ನು ಪೂರ್ತಿ ಆಳಕ್ಕೆ ಇಡಿ.

ಕಬ್ಬಿಣದ ಪ್ರಶ್ನೆ

ನೆಲದ ಮೇಲೆ ಮಲಗಿರುವ ಹಾಸು ಮಹಡಿಯ ತಾರಸಿಯಂತಲ್ಲ. ತಾರಸಿಯ ಕೆಳಗೆ ಗಾಳಿಯಿದೆ, ಅದಕ್ಕೆ ಕಬ್ಬಿಣ ಬೇಕು. ಡ್ರೈವ್‌ವೇಯ ಕೆಳಗೆ ನೆಲವಿದೆ. ಭಾರವನ್ನು ಕೊನೆಗೆ ಹೊರುವುದು ಆ ನೆಲ. ಜಾಲರಿ ಬಿರುಕನ್ನು ತಡೆಯುವುದಿಲ್ಲ, ಬಿಟ್ಟ ಬಿರುಕು ಅಗಲವಾಗದಂತೆ ಹಿಡಿದಿಡುತ್ತದೆ, ಅಷ್ಟೆ. ಸಂದುಗಳನ್ನು ಹತ್ತಿರ ಹತ್ತಿರ ಕೊಟ್ಟರೆ ಆ ಕೆಲಸವೂ ಅದಕ್ಕೆ ಉಳಿಯುವುದಿಲ್ಲ. ಬದಲಿಗೆ ದಪ್ಪವನ್ನು 100ರಿಂದ 125 ಮಿಲಿಮೀಟರಿಗೆ ಏರಿಸಿ ನೋಡಿ: ಬಾಗುವಿಕೆಯ ಒತ್ತಡ ಸ್ಥೂಲವಾಗಿ ದಪ್ಪದ ವರ್ಗಕ್ಕೆ ವಿಲೋಮವಾಗಿರುವುದರಿಂದ ಅದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಹೆಚ್ಚಿನ 25 ಮಿಲಿಮೀಟರ್ ಕಾಂಕ್ರೀಟಿಗೆ ತುಕ್ಕಿನ ಭಯವಿಲ್ಲ.

ರೋಮನ್ನರ ನೆನಪು ಇಲ್ಲಿ ಬರದೇ ಇರದು. ಇಟಲಿಯ ಪೊಜ್ಜುವೊಲಿಯ ಜ್ವಾಲಾಮುಖಿ ಬೂದಿಯನ್ನು ಸುಣ್ಣದೊಂದಿಗೆ ಬೆರೆಸಿ ಅವರು ಸಮುದ್ರದೊಳಗೇ ಕಟ್ಟಿದ ಬಂದರು ಕಟ್ಟೆಗಳ ಭಾಗಗಳು ಎರಡು ಸಾವಿರ ವರ್ಷಗಳಾದರೂ ಉಳಿದಿವೆ. ಆ ಬೂದಿಯ ಗುಣವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. ಆದರೆ ಆ ಕಾಂಕ್ರೀಟಿನೊಳಗೆ ತುಕ್ಕು ಹಿಡಿಯಲು ಕಬ್ಬಿಣದ ಸರಳುಗಳೇ ಇರಲಿಲ್ಲ ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು.

ನೆಲದ ಬಗ್ಗೆ ಪೂರ್ತಿ ನಂಬಿಕೆ ಇಲ್ಲದಿದ್ದರೆ ಘನ ಮೀಟರಿಗೆ 3ರಿಂದ 5 ಕಿಲೋಗ್ರಾಂ ದಪ್ಪ ಸಿಂಥೆಟಿಕ್ ನಾರನ್ನು ಮಿಶ್ರಣಕ್ಕೆ ಸೇರಿಸಬಹುದು. ಭಾರದ ವಾಹನ ಬರುವುದಿದ್ದರೆ ದಪ್ಪವನ್ನು 150 ಮಿಲಿಮೀಟರಿಗೆ ಏರಿಸಿ, ಗಾಜಿನ ನಾರಿನ ಸರಳುಗಳನ್ನು ಬಳಸಿ. ಇವಕ್ಕೆ ತುಕ್ಕಿಲ್ಲ, ಆದರೆ ಬಿಗಿತ ಉಕ್ಕಿನ ಕಾಲುಭಾಗದಷ್ಟೇ. ಕೆಲಸದ ಜಾಗದಲ್ಲಿ ಬಾಗಿಸಲೂ ಬರುವುದಿಲ್ಲ, ಬೇಕಾದ ಆಕಾರವನ್ನು ಮೊದಲೇ ಹೇಳಿ ತರಿಸಬೇಕು. ಉಕ್ಕನ್ನೇ ಹಾಕಬೇಕು ಎಂಬ ಒತ್ತಾಯವಿದ್ದರೆ ಅದರ ಮೇಲೆ ಕನಿಷ್ಠ 50 ಮಿಲಿಮೀಟರ್ ಕಾಂಕ್ರೀಟ್ ಇರಬೇಕು, ಪ್ಲಾಸ್ಟಿಕ್ ಅಥವಾ ಗಟ್ಟಿ ಕಾಂಕ್ರೀಟಿನ ಕವರ್ ಬ್ಲಾಕುಗಳ ಮೇಲೆ ಅದು ಮೊದಲೇ ನಿಂತಿರಬೇಕು, ಕಟ್ಟಿದ ತಂತಿಯ ತುದಿಗಳು ಮೇಲ್ಮುಖವಾಗಿರಬಾರದು. ನೆಲದ ಮೇಲೆ ಜಾಲರಿ ಹಾಸಿ, ಕಾಂಕ್ರೀಟ್ ಸುರಿದ ಮೇಲೆ ಕೊಕ್ಕೆಯಿಂದ ಎಳೆದು ಮೇಲೆತ್ತುವ ಪದ್ಧತಿಯಿದೆಯಲ್ಲ, ಆರಂಭದಲ್ಲಿ ಹೇಳಿದ ತುಂಡಿನ ಅಂಕುಡೊಂಕು ಜಾಲರಿ ಹುಟ್ಟುವುದು ಹಾಗೆಯೇ: ಎತ್ತಿದ ಜಾಗದಲ್ಲಿ ಮೇಲೇಳುತ್ತದೆ, ಮರುಕ್ಷಣ ಯಾರೋ ಕಾಲಿಟ್ಟ ಜಾಗದಲ್ಲಿ ತಳ ಸೇರುತ್ತದೆ.

ಮಿಶ್ರಣ

ಕಡಲ ತಡಿಯ ಕಾಂಕ್ರೀಟಿಗೆ ಒಂದೇ ಒಂದು ಅಂಕಿ ನೆನಪಿಡುವುದಾದರೆ ಅದು ನೀರು ಮತ್ತು ಸಿಮೆಂಟಿನ ಅನುಪಾತ: 0.42ರ ಆಸುಪಾಸು, ಯಾವ ಕಾರಣಕ್ಕೂ 0.45ಕ್ಕಿಂತ ಹೆಚ್ಚಲ್ಲ. ಸಿಮೆಂಟಿನೊಂದಿಗೆ ಸೇರಿ ಗಟ್ಟಿಯಾಗಲು ಬೇಕಾದದ್ದಕ್ಕಿಂತ ಮಿಕ್ಕ ನೀರು ಹೊರಹೋಗುವಾಗ ಬಿಟ್ಟುಹೋಗುವ ದಾರಿಗಳೇ ಉಪ್ಪು ಒಳಬರುವ ದಾರಿಗಳು. ಘನ ಮೀಟರಿಗೆ 360 ಕಿಲೋಗ್ರಾಂ ಸಿಮೆಂಟ್ ಎಂದಿಟ್ಟುಕೊಂಡರೆ ನೀರು ಸುಮಾರು 151 ಲೀಟರ್ ಆಗುತ್ತದೆ. ಇಷ್ಟು ಕಡಿಮೆ ನೀರಿನಲ್ಲಿ ಮಿಶ್ರಣ ಬಿರುಸಾಗಿರುತ್ತದೆ; ಅದನ್ನು ಹರಿಯುವಂತೆ ಮಾಡುವ ಕೆಲಸ ಸೂಪರ್‌ಪ್ಲಾಸ್ಟಿಸೈಜರಿನದು, ನೀರಿನ ಕೊಳವೆಯದಲ್ಲ. 28 ದಿನಗಳ ಶಕ್ತಿ 35ರಿಂದ 40 ಮೆಗಾಪ್ಯಾಸ್ಕಲ್, ಸ್ಲಂಪ್ (ಹಸಿ ಕಾಂಕ್ರೀಟು ಎಷ್ಟು ಕುಸಿಯುತ್ತದೆ ಎಂಬ ಹದದ ಅಳತೆ) 75ರಿಂದ 100 ಮಿಲಿಮೀಟರ್, ಜಲ್ಲಿಯ ಗರಿಷ್ಠ ಗಾತ್ರ 20 ಮಿಲಿಮೀಟರ್ ಎಂದು ಬರೆದುಕೊಡಿ. ಚಳಿಗೆ ನೀರು ಹೆಪ್ಪುಗಟ್ಟುವ ತೀರಗಳಲ್ಲಿ ಮಾತ್ರ ಗಾಳಿಗುಳ್ಳೆ ಸೇರಿಸುವ ದ್ರಾವಣವೂ ಬೇಕು.

ಸಿಮೆಂಟಿನ ಆಯ್ಕೆಯಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಸಮುದ್ರದ ಹತ್ತಿರ ಎಂದ ಕೂಡಲೇ ಸಲ್ಫೇಟ್ ನಿರೋಧಕ ಸಿಮೆಂಟ್ ತರಿಸುತ್ತಾರೆ. ಅದರಲ್ಲಿ ಟ್ರೈಕ್ಯಾಲ್ಸಿಯಂ ಅಲ್ಯೂಮಿನೇಟ್ ಕಡಿಮೆಯಿರುತ್ತದೆ. ಅದೇ ಅಲ್ಯೂಮಿನೇಟ್ ಕ್ಲೋರೈಡನ್ನು ಸ್ವಲ್ಪಮಟ್ಟಿಗೆ ಹಿಡಿದು ಕಟ್ಟಿಹಾಕುವ ವಸ್ತುವೂ ಹೌದು. ಆದ್ದರಿಂದ ಕ್ಲೋರೈಡೇ ಮುಖ್ಯ ಶತ್ರುವಾದ ಕಡೆ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ) ಅಥವಾ ಹಾರುಬೂದಿ (ಕಲ್ಲಿದ್ದಲು ಉರಿದಾಗ ಉಳಿಯುವ ನುಣ್ಣನೆಯ ಬೂದಿ) ಬೆರೆತ ಸಿಮೆಂಟ್ ಹೆಚ್ಚು ಸೂಕ್ತ. ಸ್ಲ್ಯಾಗ್ ಆದರೆ ಒಟ್ಟು ಸಿಮೆಂಟಿನ ಸುಮಾರು ಅರ್ಧ, ಹಾರುಬೂದಿಯಾದರೆ ಕಾಲುಭಾಗದಷ್ಟು. ಇವು ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟುವ ಸುಣ್ಣದೊಂದಿಗೆ ಸೇರಿ ರಂಧ್ರಗಳನ್ನು ಇನ್ನಷ್ಟು ಕಿರಿದಾಗಿಸುತ್ತವೆ, ಆದರೆ ನಿಧಾನವಾಗಿ. ಆ ನಿಧಾನಕ್ಕೆ ತಕ್ಕಂತೆ ಕ್ಯೂರಿಂಗ್‌ ದಿನಗಳೂ ಹೆಚ್ಚಬೇಕು.

ಮಿಶ್ರಣಕ್ಕೂ ಕ್ಯೂರಿಂಗ್‌ಗೂ ಕುಡಿಯಲು ಯೋಗ್ಯವಾದ ನೀರೇ ಆಗಬೇಕು. ಸವಳು ಬಾವಿಯ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ನಾಲಿಗೆಗೆ ಉಪ್ಪೆನಿಸಿದರೆ ಬಿಟ್ಟುಬಿಡಿ. ಸಮುದ್ರದ ಮರಳು ಬೇಡ. ನದಿಯ ಮರಳು ಇಲ್ಲವೇ ಕಲ್ಲು ಒಡೆದು ಮಾಡಿದ ಮರಳು ಇರಲಿ. ಬೇಗ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಇರುವ ದ್ರಾವಣವನ್ನು ಸೇರಿಸುವುದು, ಹೊರಗಿನ ಶತ್ರುವನ್ನು ನಾವೇ ಒಳಗೆ ಕರೆತಂದ ಹಾಗೆ.

ಮಿಕ್ಸರಿನಲ್ಲಿ ಸ್ವತಃ ಕಲಸುವವರು ಮರಳಿನ ತೇವವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಘನ ಮೀಟರಿಗೆ 700 ಕಿಲೋಗ್ರಾಂ ಮರಳು ಹೋಗುತ್ತದೆ ಎನ್ನಿ. ಅದರಲ್ಲಿ ನೂರಕ್ಕೆ 5ರಷ್ಟು ತೇವವಿದ್ದರೆ 35 ಲೀಟರ್ ನೀರು ಮರಳಿನ ಜೊತೆಗೇ ಬಂದಿರುತ್ತದೆ. ಅದನ್ನು ಕಳೆಯದೆ 151 ಲೀಟರನ್ನೂ ಸುರಿದರೆ 0.42 ಎಂದುಕೊಂಡ ಅನುಪಾತ 0.52ಕ್ಕೆ ಏರಿ, ಎಲ್ಲ ಎಚ್ಚರಿಕೆಯೂ ನೀರುಪಾಲಾಗುತ್ತದೆ. ತೇವದ ಮರಳು ಉಬ್ಬಿಕೊಳ್ಳುವುದರಿಂದ ಬಾಂಡಲಿಯ ಲೆಕ್ಕ ಇನ್ನೂ ದಾರಿ ತಪ್ಪಿಸುತ್ತದೆ. ಸಾಧ್ಯವಾದರೆ ತೂಕದಲ್ಲಿಯೇ ಅಳೆಯಿರಿ. ನಮ್ಮ ಹಾಸಿನ ಗಾತ್ರ 3.375 ಘನ ಮೀಟರ್. ಪೋಲಾಗುವುದನ್ನು ಸೇರಿಸಿದರೆ 3.7. ದಪ್ಪ ಅಂಚುಗಳದ್ದನ್ನು ಬೇರೆ ಕೂಡಿಸಬೇಕು. ಇಷ್ಟನ್ನು ಒಂದೇ ಗುಣದಲ್ಲಿ ಕೈಯಿಂದ ಕಲಸುವುದು ಕಷ್ಟ, ರೆಡಿಮಿಕ್ಸ್ ತರಿಸುವುದೇ ಮೇಲು.

ಸುರಿಯುವ ದಿನ

ಬಿಸಿಲಿಗಿಂತ ಗಾಳಿಗೆ ಹೆಚ್ಚು ಹೆದರಬೇಕು. ಹಸಿ ಹಾಸಿನಿಂದ ಗಂಟೆಗೆ ಚದರ ಮೀಟರಿಗೆ 1 ಕಿಲೋಗ್ರಾಂ ನೀರು ಆವಿಯಾಗತೊಡಗಿದರೆ, ಕಾಂಕ್ರೀಟು ಗಟ್ಟಿಯಾಗುವ ಮೊದಲೇ ಮೇಲ್ಮೈಯಲ್ಲಿ ಸಣ್ಣ ಸಣ್ಣ ಬಿರುಕುಗಳು ಮೂಡುತ್ತವೆ. ಕಡಲ ಗಾಳಿ ಬೀಸತೊಡಗುವ ಮೊದಲಿನ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಿ, ಗಾಳಿ ಬರುವ ದಿಕ್ಕಿಗೆ ಟಾರ್ಪಾಲು ಕಟ್ಟಿ, ಸಿಹಿನೀರಿನ ತೆಳು ಮಂಜು ಹೊಡೆಯುವ ಸ್ಪ್ರೇಯನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಹಿಂದಿನ ದಿನವೇ ಶಟರಿಂಗ್ ಮೇಲೆ ಕೂತಿರಬಹುದಾದ ಉಪ್ಪಿನ ಧೂಳನ್ನು ತೊಳೆದಿರಬೇಕು.

ಲಾರಿ ಬಂದು ನಿಂತ ಐದು ನಿಮಿಷಕ್ಕೆ "ಸ್ವಲ್ಪ ನೀರು ಬಿಡೋಣವಾ ಸಾರ್, ಬೇಗ ಎಳೆಯಬಹುದು" ಎಂಬ ಮಾತು ಬರುತ್ತದೆ. ಕೇಳುವವರದು ತಪ್ಪಲ್ಲ, ಗಟ್ಟಿ ಮಾಲನ್ನು ಎಳೆಯುವ ಶ್ರಮ ಅವರದು. ಆದರೆ ಘನ ಮೀಟರಿಗೆ 5 ಲೀಟರ್ ನೀರು ಬಿಟ್ಟರೂ ಶಕ್ತಿಯಲ್ಲಿ ಸುಮಾರು ಒಂದರಿಂದ ಒಂದೂವರೆ ಮೆಗಾಪ್ಯಾಸ್ಕಲ್ ಇಳಿಯುತ್ತದೆ, ರಂಧ್ರಗಳು ಹೆಚ್ಚುತ್ತವೆ. ಮಾಲು ನಿಜಕ್ಕೂ ಬಿರುಸಾಗಿದ್ದರೆ ಪೂರೈಸಿದವರಿಂದಲೇ ಇನ್ನಷ್ಟು ಪ್ಲಾಸ್ಟಿಸೈಜರ್ ಹಾಕಿಸಿ. ನೀರು ಬೆರೆತ ಹೊತ್ತಿನಿಂದ ತೊಂಬತ್ತು ನಿಮಿಷದೊಳಗೆ ಲಾರಿ ಖಾಲಿಯಾಗಲಿ.

ದೂರದ ತುದಿಯಿಂದ ಶುರುಮಾಡಿ, ಬೇಕಾದ ಜಾಗದಲ್ಲೇ ಸುರಿಸಿ. ಒಂದು ಕಡೆ ಗುಡ್ಡೆ ಹಾಕಿ ವೈಬ್ರೇಟರಿನಿಂದ ತಳ್ಳಿದರೆ ಜಲ್ಲಿ ಬೇರೆ, ಗಾರೆ ಬೇರೆಯಾಗುತ್ತದೆ. ಅಂಚುಗಳ ಉದ್ದಕ್ಕೂ ಸೂಜಿ ವೈಬ್ರೇಟರನ್ನು ನೆಟ್ಟಗೆ ಇಳಿಸಿ, ಗಾಳಿಗುಳ್ಳೆ ಬರುವುದು ನಿಂತ ಕೂಡಲೇ ನಿಧಾನವಾಗಿ ಎತ್ತಿ. ಉದ್ದ ಪಟ್ಟಿಯಿಂದ ಶಟರಿಂಗ್ ಮಟ್ಟಕ್ಕೆ ಎಳೆದು ಸಮಮಾಡಿ, ಒಮ್ಮೆ ಮರದ ಉಜ್ಜುಹಲಗೆ ಆಡಿಸಿ, ಆಮೇಲೆ ಕೈಕಟ್ಟಿ ಕಾಯಿರಿ. ಮೇಲ್ಮೈಯಲ್ಲಿ ತೇಲಿಬರುವ ನೀರು ತಾನಾಗಿ ಮಾಯವಾಗುವವರೆಗೆ ಕರಣೆ ಮುಟ್ಟಬಾರದು. ಆ ನೀರನ್ನು ಹೀರಲೆಂದು ಒಣ ಸಿಮೆಂಟ್ ಉದುರಿಸುವುದು, ನುಣುಪು ಬರಲೆಂದು ನೀರು ಚಿಮುಕಿಸಿ ತೀಡುವುದು, ಎರಡೂ ಕಡಲ ಬದಿಯ ಹಾಸಿಗೆ ವಿಷ. ಮೇಲಿನ ಎರಡು ಮೂರು ಮಿಲಿಮೀಟರ್ ದುರ್ಬಲ ಪದರವಾಗಿ, ಉಪ್ಪಿನ ಹರಳುಗಳಿಗೆ ಮೊದಲ ತುತ್ತಾಗುತ್ತದೆ. ಹೊಳಪು ನೆಲ ಬೇಕಿಲ್ಲ. ಹೆಜ್ಜೆಯಿಟ್ಟರೆ ಸುಮಾರು 5 ಮಿಲಿಮೀಟರ್ ಮಾತ್ರ ಗುರುತು ಮೂಡುವ ಹದದಲ್ಲಿ ಗಟ್ಟಿ ಪೊರಕೆಯನ್ನು ವಾಹನ ಹೋಗುವ ದಿಕ್ಕಿಗೆ ಅಡ್ಡವಾಗಿ ಒಂದೇ ಎಳೆತಕ್ಕೆ ಎಳೆದರೆ, ಚಕ್ರಕ್ಕೂ ಕಾಲಿಗೂ ಹಿಡಿತ ಸಿಗುತ್ತದೆ.

ಸಂದು ಕೊಯ್ಯುವ ಹೊತ್ತನ್ನು ಗಡಿಯಾರ ಹೇಳುವುದಿಲ್ಲ, ಕಾಂಕ್ರೀಟು ಹೇಳುತ್ತದೆ. ಗರಗಸ ಇಟ್ಟಾಗ ಜಲ್ಲಿ ಕಿತ್ತು ಬರದಷ್ಟು ಗಟ್ಟಿಯಾಗಿರಬೇಕು, ಬಿರುಕು ಹುಟ್ಟುವಷ್ಟು ತಡವಾಗಿರಬಾರದು. ಬಿಸಿ ಹವೆಯಲ್ಲಿ ನಾಲ್ಕರಿಂದ ಹನ್ನೆರಡು ಗಂಟೆಯ ನಡುವೆ ಆ ಹದ ಬರುತ್ತದೆ. ಸ್ಲ್ಯಾಗ್ ಹೆಚ್ಚಿದ್ದರೆ ತುಸು ತಡ. ಮೂಲೆಯಲ್ಲಿ ಒಂದು ಗೇಣು ಕೊಯ್ದು ಅಂಚು ಉದುರುತ್ತದೆಯೇ ನೋಡಿ ಮುಂದುವರಿಯಿರಿ. ಆಳ ದಪ್ಪದ ಕಾಲುಭಾಗ, ನಮ್ಮ ಹಾಸಿಗೆ 32 ಮಿಲಿಮೀಟರ್. ಅದಕ್ಕಿಂತ ಕಡಿಮೆ ಕೊಯ್ದರೆ ಸಂದು ಬರೀ ಅಲಂಕಾರವಾಗಿ, ಬಿರುಕು ಪಕ್ಕದಲ್ಲೇ ತನ್ನ ದಾರಿ ಹಿಡಿಯುತ್ತದೆ.

ಕ್ಯೂರಿಂಗ್‌

ಒಳ್ಳೆಯ ಮಿಶ್ರಣ ತರಿಸಿ, ಮೂರು ದಿನ ಬೆಳಗ್ಗೆ ಸಂಜೆ ಪೈಪಿನಿಂದ ನೀರು ಹೊಡೆದು ಕೈತೊಳೆದುಕೊಳ್ಳುವುದು ಸಾಮಾನ್ಯವಾಗಿ ಕಾಣುವ ದೃಶ್ಯ. ಹೀಗೆ ನೆನೆದು ಒಣಗಿ, ನೆನೆದು ಒಣಗಿ ಆಗುವ ಹಾಸಿನ ಮೇಲ್ಪದರ, ಅಂದರೆ ಉಪ್ಪನ್ನು ಎದುರಿಸಬೇಕಾದ ಪದರವೇ, ಅರೆಬೆಂದು ಉಳಿಯುತ್ತದೆ. ಸಾಧಾರಣ ಸಿಮೆಂಟಿಗೆ ಏಳು ದಿನ, ಸ್ಲ್ಯಾಗ್ ಅಥವಾ ಹಾರುಬೂದಿ ಬೆರೆತದ್ದಕ್ಕೆ ಹದಿನಾಲ್ಕು ದಿನ ಹಾಸು ಒಂದು ಗಳಿಗೆಯೂ ಒಣಗಬಾರದು.

ನನಗೆ ಹೆಚ್ಚು ನಂಬಿಕೆಯಿರುವ ಕ್ರಮ ಇದು: ಪೊರಕೆ ಗೆರೆ ಹಾಳಾಗದಷ್ಟು ಗಟ್ಟಿಯಾದ ಕೂಡಲೇ ತೊಳೆದ, ಒದ್ದೆ ಗೋಣಿತಾಟುಗಳನ್ನು ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳಿಗೆ ಕಲ್ಲು ಇಟ್ಟು ಗಾಳಿ ನುಗ್ಗದಂತೆ ಮಾಡುವುದು. ದಿನಕ್ಕೊಮ್ಮೆ ಹಾಳೆಯೊಳಗೆ ಕೈತೂರಿಸಿ ಗೋಣಿ ಮುಟ್ಟಿ ನೋಡಿ. ಹಿಂಡಿದರೆ ನೀರು ಬರಬೇಕು. ಹಾಳೆ ತೇವ ಹಿಡಿಯುವುದರ ಜೊತೆಗೆ ಗಾಳಿಯಲ್ಲಿ ಬರುವ ಉಪ್ಪು ಎಳೆಯ ಕಾಂಕ್ರೀಟಿನ ಮೇಲೆ ಬೀಳದಂತೆಯೂ ಕಾಯುತ್ತದೆ. ವಾಟವಿರುವ ಹಾಸಿನಲ್ಲಿ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು ಕಷ್ಟ, ಮೇಲ್ತುದಿ ಒಣಗಿಯೇ ಇರುತ್ತದೆ. ನೀರಿನ ಅಭಾವವಿದ್ದರೆ ಕ್ಯೂರಿಂಗ್‌ ಕಾಂಪೌಂಡ್, ಅಂದರೆ ತೇವ ಆರದಂತೆ ಮೇಲೆ ಪೊರೆ ಕಟ್ಟುವ ದ್ರಾವಣ, ಬಳಸಬಹುದು, ಆದರೆ ಆಮೇಲೆ ಸೀಲರ್ ಹಚ್ಚುವ ಮೊದಲು ಆ ಪದರವನ್ನು ಪೂರ್ತಿ ತೆಗೆಯಬೇಕು.

ಎರಡನೆಯ ದಿನದಿಂದ ಜನ ನಡೆದಾಡಬಹುದು. ಕಾರು ಏಳು ದಿನಕ್ಕೆ ಮುಂಚೆ ಬೇಡ, ಸ್ಲ್ಯಾಗ್ ಬೆರೆತಿದ್ದರೆ ಹದಿನಾಲ್ಕು ದಿನ. ಭಾರದ ವಾಹನಕ್ಕೆ 28 ದಿನ.

ಸೀಲರ್ ಮತ್ತು ಮುಂದಿನ ಆರೈಕೆ

28 ದಿನ ಕಳೆದು, ಸಿಹಿನೀರಿನಿಂದ ತೊಳೆದು, ಎರಡು ದಿನ ಚೆನ್ನಾಗಿ ಒಣಗಿಸಿದ ಮೇಲೆ ಸೈಲೇನ್ ಅಥವಾ ಸೈಲೋಕ್ಸೇನ್ ಮೂಲದ ಸೀಲರ್ ಹಚ್ಚಿ. ಇದು ಮೇಲೆ ಪೊರೆ ಕಟ್ಟುವುದಿಲ್ಲ. ಕೆಲವು ಮಿಲಿಮೀಟರ್ ಒಳಗಿಳಿದು ರಂಧ್ರಗಳ ಗೋಡೆಗೆ ನೀರು ಅಂಟದಂತೆ ಮಾಡುತ್ತದೆ, ಒಳಗಿನ ಆವಿಗೆ ಹೊರಬರಲು ಬಿಡುತ್ತದೆ. ಹೊಳೆಯುವ ಅಕ್ರಿಲಿಕ್ ಪೊರೆ ನೋಡಲು ಚೆಂದ, ಆದರೆ ಮಳೆಯಲ್ಲಿ ಜಾರುತ್ತದೆ, ಕೆಳಗಿನಿಂದ ಬರುವ ತೇವಕ್ಕೆ ಉಬ್ಬಿ ಸುಲಿಯುತ್ತದೆ. ಮೂರರಿಂದ ಐದು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ. ಯಾವಾಗ ಎಂಬುದಕ್ಕೆ ಸುಲಭ ಪರೀಕ್ಷೆಯಿದೆ: ಹಾಸಿನ ಮೇಲೆ ಒಂದು ಚಮಚ ನೀರು ಹಾಕಿ, ಕೆಸುವಿನೆಲೆಯ ಮೇಲಿನ ಹನಿಯಂತೆ ಗುಂಡಾಗಿ ನಿಂತರೆ ಸೀಲರ್ ಕೆಲಸ ಮಾಡುತ್ತಿದೆ, ಒಂದೆರಡು ನಿಮಿಷದಲ್ಲಿ ಕಪ್ಪು ಕಲೆಯಾಗಿ ಹೀರಿಕೊಂಡರೆ ಹಚ್ಚುವ ಕಾಲ ಬಂದಿದೆ.

ಕೊಯ್ದ ಸಂದುಗಳನ್ನು ಹಾಗೇ ಬಿಟ್ಟರೆ ಮೇಲಿನ ನೀರೆಲ್ಲ ಅಲ್ಲಿಂದಲೇ ತಳಹಾಸಿಗೆ ಇಳಿಯುತ್ತದೆ. ಗುಂಡನೆಯ ಫೋಮ್ ಹುರಿಯನ್ನು ಒತ್ತಿ ಕೂರಿಸಿ, ಅದರ ಮೇಲೆ ಪಾಲಿಯುರೆಥೇನ್ ಅಥವಾ ಸಿಲಿಕೋನ್ ಸೀಲಂಟ್ ತುಂಬಿ. ಬಿರುಗಾಳಿ ಅಥವಾ ಉಬ್ಬರದ ನೀರು ಅಂಗಳಕ್ಕೆ ಬಂದುಹೋದ ಮೇಲೆ ಇಡೀ ಹಾಸನ್ನು ಸಿಹಿನೀರಿನಿಂದ ತೊಳೆಯಿರಿ, ಆಮೇಲೆ ಅಂಚುಗಳ ಸುತ್ತ ಒಂದು ಸುತ್ತು ಬನ್ನಿ. ಸುತ್ತಿಗೆಯ ಹಿಡಿಯಿಂದ ಅಂಚಿನುದ್ದಕ್ಕೂ ತಟ್ಟುತ್ತ ಹೋದರೆ, ಕೆಳಗೆ ಮರಳು ಗಟ್ಟಿಯಾಗಿರುವ ಕಡೆ ಟಣ್ಣೆಂದು ಬಿಗಿಯಾದ ಸದ್ದು, ಕೊಚ್ಚಿಹೋದ ಕಡೆ ಡೊಬ್ಬೆಂದು ಪೊಳ್ಳು ಸದ್ದು ಕೇಳುತ್ತದೆ. ಪೊಳ್ಳು ಸಿಕ್ಕ ಜಾಗದ ಮೇಲೆ ಕಾರು ಹತ್ತಿಸುವ ಮೊದಲೇ ಪಕ್ಕದ ಕಲ್ಲುಗಳನ್ನು ಸರಿಸಿ, ಸಿಮೆಂಟ್ ಬೆರೆಸಿದ ತೆಳು ಗಾರೆಯನ್ನು ಕೆಳಗಿನ ಖಾಲಿಗೆ ಹರಿಯಬಿಟ್ಟು ತುಂಬಿ, ಅದು ಗಟ್ಟಿಯಾದ ಮೇಲೆ ಕಲ್ಲುಗಳನ್ನು ಮೊದಲಿನಂತೆ ಜೋಡಿಸಿ.